ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಮ್ಯಾಕ್ರೋಫೇಜ್ ಮತ್ತು ಇಮ್ಯುನೋಥೆರಪಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲನೋಮ ಎಂಬ ಚರ್ಮದ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್, ಮೂತ್ರಪಿಂಡದ ಕ್ಯಾನ್ಸರ್ ಇವುಗಳಲ್ಲಿ ಇಮ್ಯುನೋಥೆರಪಿ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ, ದೊಡ್ಡ ಬದಲಾವಣೆ ತಂದಿದೆ. ಮೇದೋಜೀರಕದ ಕ್ಯಾನ್ಸರಿಗೆ ಮಾತ್ರ ಅದೇ ಔಷಧಿಗಳು ಯಾಕೆ ನಾಟುವುದಿಲ್ಲ? ರೋಗಿಗಳ ಮನೆಯವರು ಕೇಳುವ ಈ ಪ್ರಶ್ನೆಗೆ ಸಿಗುವ ಉತ್ತರದ ದೊಡ್ಡ ಪಾಲು ಮ್ಯಾಕ್ರೋಫೇಜ್ ಎಂಬ ಒಂದು ಬಗೆಯ ಕೋಶದ ಸುತ್ತಲೇ ಇದೆ. ಆ ಕೋಶದ ಬಗ್ಗೆ, ಅದನ್ನು ಗುರಿಯಾಗಿಸಿಕೊಂಡು ಬಂದ ಔಷಧಿಗಳ ಬಗ್ಗೆ, ಅವುಗಳಲ್ಲಿ ಗೆದ್ದದ್ದೆಷ್ಟು ಸೋತದ್ದೆಷ್ಟು ಎಂಬುದರ ಬಗ್ಗೆ ಇಲ್ಲಿ ಬರೆದಿದೆ. ಚಿಕಿತ್ಸೆಯ ತೀರ್ಮಾನವನ್ನು ಇದನ್ನು ಓದಿ ಮಾಡಬೇಡಿ. ಅದು ರೋಗಿಯ ರಿಪೋರ್ಟುಗಳನ್ನು ಕಣ್ಣಾರೆ ನೋಡಿದ ಆಂಕಾಲಜಿಸ್ಟ್ ಜೊತೆ ಕೂತು ಆಗಬೇಕಾದ ಮಾತು.

ಮೇದೋಜೀರಕದ ಕ್ಯಾನ್ಸರ್ ಎಂದರೆ ಎಲ್ಲವೂ ಒಂದೇ ಕಾಯಿಲೆಯೇ?

ಅಲ್ಲ. ಈ ಗ್ರಂಥಿ ಎರಡು ಕೆಲಸ ಮಾಡುತ್ತದೆ: ಜೀರ್ಣರಸ ತಯಾರಿಸಿ ನಾಳದ ಮೂಲಕ ಕರುಳಿಗೆ ಕಳಿಸುವುದು ಒಂದು, ಇನ್ಸುಲಿನ್‌ನಂಥ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು ಇನ್ನೊಂದು. ನಾಳಗಳಿಗೆ ಸಂಬಂಧಿಸಿದ ಅಡಿನೋಕಾರ್ಸಿನೋಮ ಒಟ್ಟು ಪ್ರಕರಣಗಳಲ್ಲಿ ಸುಮಾರು ಶೇ. 90ರಷ್ಟಿದೆ. ಇಲ್ಲಿ ಬರೆದಿರುವುದೆಲ್ಲ ಅದರ ಬಗ್ಗೆ. ಹಾರ್ಮೋನು ತಯಾರಿಸುವ ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆ ಬೇರೆಯದೇ ಕಾಯಿಲೆ. ಅದರ ನಡವಳಿಕೆ ಬೇರೆ, ಚಿಕಿತ್ಸೆಯೂ ಬೇರೆ. ಸ್ಟೀವ್ ಜಾಬ್ಸ್ ಅವರಿಗೆ ಇದ್ದದ್ದು ಆ ಎರಡನೆಯ ಜಾತಿಯದು. ಹಾಗಾಗಿ ಅವರು ಎಷ್ಟು ವರ್ಷ ಬದುಕಿದ್ದರು ಎಂದು ಲೆಕ್ಕ ಹಾಕಿ ಇದಕ್ಕೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಇದಕ್ಕೆ ಚಿಕಿತ್ಸೆ ಇಷ್ಟು ಕಷ್ಟ ಯಾಕೆ?

ಮೊದಲನೆಯದಾಗಿ, ಗೊತ್ತಾಗುವುದೇ ತಡವಾಗಿ. ಪತ್ತೆಯಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ಒದಗುವವರು ನೂರಕ್ಕೆ ಹದಿನೈದಿಪ್ಪತ್ತು ಮಂದಿ ಮಾತ್ರ. ಅಮೆರಿಕದ ಅಂಕಿಅಂಶದಂತೆ ಎಲ್ಲ ಹಂತಗಳನ್ನೂ ಸೇರಿಸಿದರೆ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ. 13ರ ಆಸುಪಾಸಿನಲ್ಲಿದೆ. ಹರಡಿದ ಕಾಯಿಲೆಗೆ ಮುಖ್ಯ ಆಸರೆ ಈಗಲೂ ಕೀಮೋ. 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಟ್ರಯಲ್‌ನಲ್ಲಿ ಫೋಲ್ಫಿರಿನಾಕ್ಸ್ ಎಂಬ ನಾಲ್ಕು ಔಷಧಿಗಳ ಮಿಶ್ರಣ ಪಡೆದವರ ಮಧ್ಯಮ ಆಯಸ್ಸು (ಅರ್ಧದಷ್ಟು ಜನ ದಾಟಿದ ಅವಧಿ) 11.1 ತಿಂಗಳಿತ್ತು, ಜೆಮ್‌ಸಿಟಬಿನ್ ಒಂದನ್ನೇ ಪಡೆದವರದು 6.8 ತಿಂಗಳು. ಅಂದಿನಿಂದ ಇಂದಿನವರೆಗೆ ಆದ ಸುಧಾರಣೆ ವಾರ, ತಿಂಗಳುಗಳ ಲೆಕ್ಕದ್ದು. ಹೊಸ ಚಿಕಿತ್ಸೆಗಾಗಿ ಇಷ್ಟೊಂದು ಹುಡುಕಾಟ ನಡೆಯುತ್ತಿರುವುದು ಅದಕ್ಕೇ.

ಗಡ್ಡೆಯ ಸೂಕ್ಷ್ಮಪರಿಸರ ಎಂದರೇನು?

ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಕ್ಯಾನ್ಸರ್ ಕೋಶಗಳಲ್ಲ, ಹರಡಿಕೊಂಡಿರುವ ಗುಲಾಬಿ ಬಣ್ಣದ ನಾರು. ಅದರ ನಡುವೆ ಅಲ್ಲೊಂದು ಇಲ್ಲೊಂದು ಸೊಟ್ಟ ಆಕಾರದ ಗ್ರಂಥಿಗಳು, ಅವುಗಳ ಅಂಚಿನಲ್ಲಿ ನೇರಳೆ ಬಣ್ಣದ ಕೋಶಕೇಂದ್ರಗಳು. ಕ್ಯಾನ್ಸರ್ ಇರುವುದು ಆ ಗ್ರಂಥಿಗಳಲ್ಲಿ. ಉಳಿದದ್ದೆಲ್ಲ ಕೊಲಾಜೆನ್ ನಾರು, ಹಯಲುರೋನಾನ್ ಎಂಬ ಅಂಟುವಸ್ತು, ನಾರು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳು, ಒತ್ತಡಕ್ಕೆ ಸಿಕ್ಕು ಚಪ್ಪಟೆಯಾದ ರಕ್ತನಾಳಗಳು ಮತ್ತು ನಾನಾ ಬಗೆಯ ಬಿಳಿ ರಕ್ತಕಣಗಳು. ಎಷ್ಟೋ ಗಡ್ಡೆಗಳಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇದೇ ಇರುತ್ತದೆ. ಈ ಸರಂಜಾಮು ಒಟ್ಟಾಗಿ ಸೂಕ್ಷ್ಮಪರಿಸರ ಎನಿಸಿಕೊಳ್ಳುತ್ತದೆ.

ಹಾಗಾದರೆ ಆ ನಾರನ್ನೇ ಕರಗಿಸಿದರೆ ಕೀಮೋ ಒಳಗೆ ಇಳಿಯಬಹುದಲ್ಲ ಎಂಬ ಯೋಚನೆ ಯಾರಿಗೂ ಬರುವಂಥದ್ದು, ಸಂಶೋಧಕರಿಗೂ ಬಂತು. ಹಯಲುರೋನಾನ್ ಕರಗಿಸುವ ಕಿಣ್ವವೊಂದು ದೊಡ್ಡ ಟ್ರಯಲ್‌ವರೆಗೆ ಹೋಗಿ 2019ರಲ್ಲಿ ಸೋತಿತು. ಅದಕ್ಕೂ ಮುಂಚೆ, 2014ರಲ್ಲಿ, ಇಲಿಗಳಲ್ಲಿ ಫೈಬ್ರೋಬ್ಲಾಸ್ಟ್‌ಗಳನ್ನು ಕಡಿಮೆ ಮಾಡಿ ನೋಡಿದಾಗ ಗಡ್ಡೆ ಇನ್ನಷ್ಟು ಉಗ್ರವಾಗಿತ್ತು. ಸುತ್ತಲಿನದ್ದೆಲ್ಲ ಶತ್ರುವಲ್ಲ ಎಂಬ ಈ ಪಾಠ ಮ್ಯಾಕ್ರೋಫೇಜ್ ವಿಷಯಕ್ಕೂ ಹೊಂದುತ್ತದೆ.

ಮ್ಯಾಕ್ರೋಫೇಜ್ ಎಂದರೆ ಯಾವ ಕೋಶ?

ನುಂಗುವ ಕೋಶ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯೊಳಗೆ ಮುಳ್ಳು ಚುಚ್ಚಿಟ್ಟು ಮರುದಿನ ನೋಡಿದರು. ಓಡಾಡುವ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ನುಂಗುವ ಕೋಶಗಳೇ ದೇಹವನ್ನು ಕಾಯುತ್ತವೆ ಎಂಬ ಅವರ ವಾದ ಹುಟ್ಟಿದ್ದು ಅಲ್ಲಿಂದ. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಅವರಿಗೆ ನೊಬೆಲ್ ಬಂತು.

ನಮ್ಮ ದೇಹದಲ್ಲಿ ಇವು ಇಲ್ಲದ ಅಂಗವೇ ಇಲ್ಲ ಎನ್ನಬಹುದು. ಲಿವರ್‌ನಲ್ಲಿರುವವನ್ನು ಕುಫರ್ ಕೋಶ ಎನ್ನುತ್ತಾರೆ, ಮಿದುಳಿನಲ್ಲಿರುವವನ್ನು ಮೈಕ್ರೋಗ್ಲಿಯ. ರೋಗಾಣುಗಳನ್ನು ನುಂಗುವುದರ ಜೊತೆಗೆ ಸತ್ತ ಕೋಶಗಳನ್ನು ಎತ್ತಿಹಾಕುವುದು, ಗಾಯದ ಜಾಗದಲ್ಲಿ ಹೊಸ ರಕ್ತನಾಳ ಬೆಳೆಸುವುದು, ಉರಿಯೂತವನ್ನು ಸಮಯ ನೋಡಿ ತಣ್ಣಗಾಗಿಸುವುದು ಕೂಡ ಇವುಗಳ ಕೆಲಸ. ಕೊನೆಯ ಎರಡು ಕೆಲಸಗಳನ್ನು ನೆನಪಿನಲ್ಲಿಡಿ. ಕ್ಯಾನ್ಸರ್ ಬಳಸಿಕೊಳ್ಳುವುದು ಅವನ್ನೇ.

ದೇಹ ಕಾಯುವ ಕೋಶ ಕ್ಯಾನ್ಸರ್ ಪರ ಯಾಕೆ ಹೋಗುತ್ತದೆ?

ಅದು ಪಕ್ಷ ಬದಲಿಸುವುದಿಲ್ಲ, ತನಗೆ ಗೊತ್ತಿರುವ ಕೆಲಸವನ್ನೇ ತಪ್ಪು ಜಾಗದಲ್ಲಿ ಮಾಡುತ್ತದೆ. ಗಡ್ಡೆ ಎಂದರೆ ವಾಸಿಯಾಗದ ಗಾಯ ಎಂದು ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಹೇಳಿದ್ದರು. ಗಾಯದಿಂದ ಬರುವಂಥದ್ದೇ ಸಂಕೇತಗಳು ಗಡ್ಡೆಯಿಂದಲೂ ಬರುತ್ತವೆ. ಸೋರುವ ಮನೆ ರಿಪೇರಿಗೆ ಎಂದು ಕರೆಸಿಕೊಂಡ ಕೆಲಸಗಾರರು ಯಾರ ಮನೆ ಎಂದು ವಿಚಾರಿಸದೆ ಕಳ್ಳನ ಮನೆಗೇ ಗೋಡೆ ಎಬ್ಬಿಸಿಕೊಟ್ಟಂತೆ ಆಗುತ್ತದೆ.

ಸಂಕೇತಗಳ ವಿಷಯಕ್ಕೆ ಬಂದರೆ, ಈ ಕ್ಯಾನ್ಸರಿನ ಶೇ. 90ಕ್ಕೂ ಹೆಚ್ಚು ಗಡ್ಡೆಗಳಲ್ಲಿ ಕೆಆರ್‌ಎಎಸ್ ಎಂಬ ಜೀನ್ ಕೆಟ್ಟಿರುತ್ತದೆ. ಕೆಟ್ಟ ಕೆಆರ್‌ಎಎಸ್ ಇರುವ ಕೋಶಗಳು ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ಹೊರಬಿಟ್ಟು ರಕ್ಷಣಾ ಕೋಶಗಳ ನಡತೆಯನ್ನು ಬದಲಾಯಿಸುತ್ತವೆ ಎಂದು 2012ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ತೋರಿಸಿದವು. ಇದರ ಜೊತೆಗೆ ಸಿಸಿಎಲ್2 ಎಂಬ ಸಂಕೇತ ಪ್ರೋಟೀನು ಮೂಳೆಮಜ್ಜೆಯಿಂದ ಮಾನೊಸೈಟ್ ಕೋಶಗಳನ್ನು ಕರೆಸಿಕೊಳ್ಳುತ್ತದೆ. ಬಂದ ಮೇಲೆ ಅವುಗಳನ್ನು ಮ್ಯಾಕ್ರೋಫೇಜ್ ಆಗಿ ಬೆಳೆಸಿ ಬದುಕಿಸಿಟ್ಟುಕೊಳ್ಳುವ ಇನ್ನೊಂದು ಸಂಕೇತ ಸಿಎಸ್‌ಎಫ್1.

ಎಲ್ಲವೂ ಹೊರಗಿನಿಂದ ಬಂದವಲ್ಲ. ಭ್ರೂಣದ ಕಾಲದಿಂದಲೂ ಗ್ರಂಥಿಯಲ್ಲೇ ನೆಲೆಸಿರುವ ಮ್ಯಾಕ್ರೋಫೇಜ್‌ಗಳೂ ಇವೆ. 2017ರಲ್ಲಿ ಡೇವಿಡ್ ಡಿನಾರ್ಡೊ ಅವರ ತಂಡ ಇಲಿಗಳಲ್ಲಿ ನೋಡಿದಂತೆ, ನಾರು ಬೆಳೆಸುವುದರಲ್ಲಿ ಮುಂದಿರುವುದು ಈ ಮೂಲನಿವಾಸಿಗಳೇ. ಹೊರಗಿನಿಂದ ಬರುವುದನ್ನು ಮಾತ್ರ ತಡೆದರೆ ಕೆಲಸ ಪೂರ್ತಿಯಾಗುವುದಿಲ್ಲ ಎಂಬುದಕ್ಕೆ ಇದೊಂದು ಕಾರಣ.

ಅವು ನಿಜವಾಗಿ ಮಾಡುವ ಹಾನಿ ಏನು?

ಬಹಳ. ಆರ್ಜಿನೇಸ್ ಎಂಬ ಕಿಣ್ವ ಬಿಟ್ಟು, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ ಬೇಕಾದ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಸುತ್ತಮುತ್ತ ಇಲ್ಲದಂತೆ ಮಾಡುತ್ತವೆ. ಐಎಲ್-10, ಟಿಜಿಎಫ್-ಬೀಟಾದಂಥ ಪ್ರೋಟೀನುಗಳಿಂದ ಅವುಗಳ ಕಾವು ಇಳಿಸುತ್ತವೆ. ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನು ಹೊತ್ತು ಟಿ ಕೋಶಗಳ ಮೇಲಿನ ಪಿಡಿ-1 ಎಂಬ ಬ್ರೇಕ್ ಒತ್ತುತ್ತವೆ. ಹೊಸ ರಕ್ತನಾಳಗಳಿಗೆ ದಾರಿ ಮಾಡಿಕೊಡುತ್ತವೆ. ಕಾಯಿಲೆ ಲಿವರ್‌ಗೆ ಹರಡುವ ಮೊದಲ ಹಂತದಲ್ಲಿ ಅಲ್ಲಿ ನಾರು ಕಟ್ಟಿ ಕ್ಯಾನ್ಸರ್ ಕೋಶಗಳಿಗೆ ನೆಲೆ ಒದಗಿಸುತ್ತವೆ.

ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಮಿಷಿಗನ್‌ನ ತಂಡವೊಂದು 2019ರಲ್ಲಿ ಕಂಡುಕೊಂಡ ವಿಷಯ. ಜೆಮ್‌ಸಿಟಬಿನ್ ಎಂಬ ಕೀಮೋ ಔಷಧಿ ಡಿಎನ್‌ಎಯ ಕಚ್ಚಾವಸ್ತುವಾದ ಡೀಆಕ್ಸಿಸೈಟಿಡಿನ್‌ನ ನಕಲು. ಕೋಶ ಅದನ್ನು ಅಸಲಿ ಎಂದುಕೊಂಡು ಒಳಗೆ ಸೇರಿಸಿಕೊಂಡರೆ ಸಾಯುತ್ತದೆ. ಗಡ್ಡೆಯೊಳಗಿನ ಮ್ಯಾಕ್ರೋಫೇಜ್‌ಗಳು ಅಸಲಿ ಡೀಆಕ್ಸಿಸೈಟಿಡಿನನ್ನೇ ಧಾರಾಳವಾಗಿ ಹೊರಹಾಕುತ್ತವೆ. ಅಸಲಿ ಬೇಕಾದಷ್ಟು ಸಿಗುವಾಗ ನಕಲಿಗೆ ಜಾಗವಿಲ್ಲ, ಕೀಮೋ ವ್ಯರ್ಥ. ಔಷಧಿ ಗಡ್ಡೆಗೆ ತಲುಪಿದರೂ ಕೆಲಸ ಮಾಡದೆ ಇರುವುದಕ್ಕೆ ಇಂಥ ಕಾರಣವೂ ಇರಬಹುದು ಎಂದು ಅದಕ್ಕೂ ಮೊದಲು ಹೆಚ್ಚಿನವರು ಯೋಚಿಸಿರಲಿಲ್ಲ.

ಇನ್ನೊಂದು, 2017ರದು: ಇಲಿಗಳಿಗೆ ಕೊಟ್ಟ ಪಿಡಿ-1 ತಡೆಯುವ ಆಂಟಿಬಾಡಿ (ಒಂದೇ ಗುರಿಗೆ ಅಂಟುವ ಪ್ರೋಟೀನು ಔಷಧಿ) ಮೊದಲು ಟಿ ಕೋಶಕ್ಕೆ ಅಂಟಿಕೊಂಡಿತು, ಕೆಲವೇ ನಿಮಿಷಗಳಲ್ಲಿ ಪಕ್ಕದ ಮ್ಯಾಕ್ರೋಫೇಜ್ ಅದನ್ನು ಕಿತ್ತುಕೊಂಡಿತು. ಜೀವಂತ ಇಲಿಯ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಇದನ್ನು ಗುರುತಿಸಿದರು. ಅದು ಬೇರೆ ಕ್ಯಾನ್ಸರಿನ ಮಾದರಿಯಲ್ಲಿ ನಡೆದ ಪ್ರಯೋಗ, ಆದರೂ ಇಲ್ಲಿ ಹೇಳಬೇಕಾದದ್ದೇ.

ಎಂ1 ಒಳ್ಳೆಯದು, ಎಂ2 ಕೆಟ್ಟದ್ದು ಎಂದು ಎಲ್ಲ ಕಡೆ ಓದಿದ್ದೇನೆ. ಸರಿಯೇ?

ಪರೀಕ್ಷೆಯ ನೋಟ್ಸಿಗೆ ಸರಿ. ಉರಿಯೂತ ಹೆಚ್ಚಿಸುವ ಮ್ಯಾಕ್ರೋಫೇಜ್ ಎಂ1, ಗಾಯ ವಾಸಿ ಮಾಡುವಂಥದ್ದು ಎಂ2 ಎಂಬ ಈ ವಿಂಗಡಣೆ 2000ದ ಸುಮಾರಿಗೆ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳನ್ನು ನೋಡಿ ಹುಟ್ಟಿದ್ದು. ಒಂದೊಂದೇ ಕೋಶದ ಆರ್‌ಎನ್‌ಎ ಓದುವ ತಂತ್ರ ಬಂದ ಮೇಲೆ ಗಡ್ಡೆಯೊಳಗೆ ಎರಡಲ್ಲ, ಹಲವು ಬಗೆಗಳು ಕಾಣಿಸಿದವು, ಎರಡೂ ಬಗೆಯ ಗುಣ ಒಟ್ಟಿಗೇ ಇರುವ ಕೋಶಗಳೂ ಸಿಕ್ಕವು. ಮಿಲಾನ್‌ನ ತಂಡ 2023ರಲ್ಲಿ ವಿವರಿಸಿದ ಐಎಲ್-1ಬೀಟಾ ಹೊರಬಿಡುವ ಮ್ಯಾಕ್ರೋಫೇಜ್‌ಗಳನ್ನೇ ನೋಡಿ. ಐಎಲ್-1ಬೀಟಾ ಉರಿಯೂತ ಹೆಚ್ಚಿಸುವ ಪ್ರೋಟೀನು, ಹಳೆಯ ಲೆಕ್ಕದಲ್ಲಿ ‘ಒಳ್ಳೆಯ’ ಎಂ1 ಬಣದ್ದು. ಈ ಕ್ಯಾನ್ಸರಿನಲ್ಲಿ ಮಾತ್ರ ಅದು ಪಕ್ಕದ ಕ್ಯಾನ್ಸರ್ ಕೋಶಗಳನ್ನು ಕೆರಳಿಸಿ ಗಡ್ಡೆ ಬೆಳೆಸುತ್ತದೆ. ‘ಎಂ2ವನ್ನು ಎಂ1 ಮಾಡುವ ಔಷಧಿ’ ಎಂಬ ಒಂದು ಸಾಲಿನ ಜಾಹೀರಾತು ಕಂಡರೆ ಅನುಮಾನದಿಂದಲೇ ಓದಿ.

ಈಗಾಗಲೇ ಪ್ರಸಿದ್ಧವಾಗಿರುವ ಇಮ್ಯುನೋಥೆರಪಿ ಔಷಧಿಗಳನ್ನೇ ಕೊಟ್ಟರೆ?

ಕೊಟ್ಟು ನೋಡಿದ್ದಾರೆ. ಇಪಿಲಿಮುಮ್ಯಾಬ್ ಅನ್ನು 27 ಮಂದಿ ಮೇದೋಜೀರಕ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಟ್ರಯಲ್ 2010ರಲ್ಲಿ ಪ್ರಕಟವಾಯಿತು. ಅಂಗೀಕೃತ ಅಳತೆಯ ಪ್ರಕಾರ ಒಬ್ಬರಲ್ಲೂ ಗಡ್ಡೆ ಕುಗ್ಗಿದೆ ಎನ್ನುವಂತಿರಲಿಲ್ಲ. ಪಿಡಿ-1, ಪಿಡಿ-ಎಲ್1 ತಡೆಗಳದ್ದೂ ಹೆಚ್ಚುಕಡಿಮೆ ಅದೇ ಪಾಡು. ಚೆಕ್‌ಪಾಯಿಂಟ್ ಔಷಧಿಗಳು ಎನಿಸಿಕೊಂಡ ಇವು ಟಿ ಕೋಶದ ಬ್ರೇಕ್ ಬಿಡಿಸುತ್ತವೆ. ಗಡ್ಡೆಯೊಳಗೆ ಟಿ ಕೋಶವೇ ಬಂದಿಲ್ಲವಾದರೆ ಯಾವ ಬ್ರೇಕ್ ಬಿಡಿಸುವುದು?

ಒಂದು ವಿನಾಯಿತಿ ಇದೆ, ಅದನ್ನು ತಪ್ಪಿಸಿಕೊಳ್ಳಬಾರದು. ನೂರರಲ್ಲಿ ಸುಮಾರು ಒಬ್ಬರ ಗಡ್ಡೆಯಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ಎಂಎಸ್‌ಐ-ಹೈ ಎನ್ನುವುದು ಇದನ್ನೇ. ಅಂಥ ಗಡ್ಡೆ ಯಾವ ಅಂಗದಲ್ಲೇ ಇರಲಿ, ಬೇರೆ ಚಿಕಿತ್ಸೆಗೆ ಬಗ್ಗದಿದ್ದರೆ ಪಿಡಿ-1 ತಡೆಯುವ ಪೆಂಬ್ರೊಲಿಜುಮ್ಯಾಬ್ ಬಳಸಬಹುದು ಎಂದು ಅಮೆರಿಕದ ಎಫ್‌ಡಿಎ 2017ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟಿತು. ಈ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಮ್ಯಾಕ್ರೋಫೇಜ್‌ಗಳನ್ನು ಗುರಿ ಮಾಡುವ ದಾರಿಗಳು ಯಾವುವು?

ಬರದಂತೆ ತಡೆಯುವುದು, ಬಂದವನ್ನು ಸಾಯಿಸುವುದು, ಇರುವವನ್ನು ಕ್ಯಾನ್ಸರ್ ವಿರುದ್ಧ ತಿರುಗಿಸುವುದು, ಅವುಗಳ ನುಂಗುವ ಬಾಯಿಗೆ ಬಿದ್ದ ಬೀಗ ತೆಗೆಯುವುದು. ಇವುಗಳ ಜೊತೆಗೆ ಹೊರಗೆ ತಯಾರು ಮಾಡಿದ ಮ್ಯಾಕ್ರೋಫೇಜನ್ನೇ ಒಳಗೆ ಬಿಡುವ ಪ್ರಯತ್ನವೂ ಇದೆ. ಒಂದೊಂದರ ಕಥೆಯೂ ಮುಂದಿದೆ. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ತಡೆಯುವ, ಸಾಯಿಸುವ ದಾರಿಗಳು ಇಲ್ಲಿಯವರೆಗೆ ನಿರಾಸೆ ತಂದಿವೆ. ತಿರುಗಿಸುವ ದಾರಿಯಲ್ಲಿ ಹುರುಳಿದೆ, ಸಾಬೀತು ಮಾತ್ರ ಆಗಿಲ್ಲ.

ಬರದಂತೆ ತಡೆದಾಗ ಏನಾಯಿತು?

ಸಿಸಿಎಲ್2 ಸಂಕೇತವನ್ನು ಮಾನೊಸೈಟ್ ಗ್ರಹಿಸುವುದು ಸಿಸಿಆರ್2 ಎಂಬ ಗ್ರಾಹಕದಿಂದ (ಕೋಶದ ಮೈಮೇಲೆ ಸಂಕೇತ ಹಿಡಿಯುವ ಪ್ರೋಟೀನು). ಅದಕ್ಕೆ ಅಡ್ಡ ಬರುವ, ಬಾಯಿಂದ ತೆಗೆದುಕೊಳ್ಳುವ ಔಷಧಿಯೊಂದನ್ನು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫೋಲ್ಫಿರಿನಾಕ್ಸ್ ಜೊತೆ ಕೊಟ್ಟರು. ಇನ್ನೂ ದೂರಕ್ಕೆ ಹರಡದ, ಆದರೆ ಸುಲಭಕ್ಕೆ ಶಸ್ತ್ರಚಿಕಿತ್ಸೆ ಮಾಡಲಾಗದ ರೋಗಿಗಳು. 2016ರಲ್ಲಿ ಬಂದ ಫಲಿತಾಂಶ ಎಲ್ಲರ ಹುಬ್ಬೇರಿಸಿತು: ಮರುಸ್ಕ್ಯಾನ್ ಆದ 33 ಮಂದಿಯಲ್ಲಿ 16 ಮಂದಿಯ ಗಡ್ಡೆ ಅಳತೆಗೆ ಸಿಗುವಷ್ಟು ಕುಗ್ಗಿತ್ತು. ಕೀಮೋ ಮಾತ್ರ ಪಡೆದವರಲ್ಲಿ ಒಬ್ಬರದ್ದೂ ಇಲ್ಲ. ಆದರೆ ಕೀಮೋ ಮಾತ್ರ ಪಡೆದು ಲೆಕ್ಕಕ್ಕೆ ಸಿಕ್ಕವರು ಎಷ್ಟು ಮಂದಿ ಎಂದು ನೋಡಿದರೆ ಐದೇ ಐದು. ಐದು ಮಂದಿಯೊಂದಿಗೆ ಹೋಲಿಸಿ ಏನನ್ನೂ ಖಚಿತವಾಗಿ ಹೇಳಲಾಗದು. ಸುದ್ದಿಯಾಗಿದ್ದು ಮೊದಲ ಸಂಖ್ಯೆ ಮಾತ್ರ.

ಅದೇ ಔಷಧಿಯನ್ನು ಆಮೇಲೆ ಬೇರೆ ಕೀಮೋ ಜೊತೆ, ಹರಡಿದ ಕಾಯಿಲೆಯ 21 ಮಂದಿಗೆ ಕೊಟ್ಟಾಗ ಹೆಚ್ಚಿನ ಲಾಭ ಕಾಣಲಿಲ್ಲ. ನಾಲ್ಕರಲ್ಲೊಬ್ಬರಿಗೆ ಶ್ವಾಸಕೋಶದ ತೊಂದರೆ ಕಾಣಿಸಿತು.

ಜೀವಶಾಸ್ತ್ರದ ತೊಡಕು ಇನ್ನೂ ಎರಡಿದೆ. ಮಾನೊಸೈಟ್‌ಗೆ ಬಾಗಿಲು ಹಾಕಿದರೆ ನ್ಯೂಟ್ರೋಫಿಲ್ ಎಂಬ ಬೇರೆ ಬಿಳಿ ರಕ್ತಕಣಗಳು ಇನ್ನೊಂದು ಬಾಗಿಲಿನಿಂದ ನುಗ್ಗಿ ಅದೇ ಕೆಲಸಕ್ಕೆ ನಿಲ್ಲುತ್ತವೆ. ಇನ್ನು, ಸ್ತನ ಕ್ಯಾನ್ಸರಿನ ಇಲಿಗಳಲ್ಲಿ ಸಿಸಿಎಲ್2 ತಡೆಯನ್ನು ಮಧ್ಯದಲ್ಲಿ ನಿಲ್ಲಿಸಿದಾಗ ಮೂಳೆಮಜ್ಜೆಯಲ್ಲಿ ಕಟ್ಟಿಹಾಕಿದ್ದ ಮಾನೊಸೈಟ್‌ಗಳೆಲ್ಲ ಒಮ್ಮೆಲೇ ಹೊರಬಿದ್ದು ಕಾಯಿಲೆ ಮೊದಲಿಗಿಂತ ವೇಗವಾಗಿ ಹರಡಿತು ಎಂದು 2014ರಲ್ಲಿ ವರದಿಯಾಗಿದೆ. ಇಂಥ ಔಷಧಿಯನ್ನು ಶುರು ಮಾಡುವಾಗ ಇರುವಷ್ಟೇ ಎಚ್ಚರ ನಿಲ್ಲಿಸುವಾಗಲೂ ಬೇಕು.

ಇರುವವನ್ನು ಸಾಯಿಸಿದಾಗ?

ಸಿಎಸ್‌ಎಫ್1 ಸಿಗದಿದ್ದರೆ ಹೆಚ್ಚಿನ ಮ್ಯಾಕ್ರೋಫೇಜ್‌ಗಳು ಬದುಕುವುದಿಲ್ಲ. ಹಾಗಾಗಿ ಅದರ ಗ್ರಾಹಕವಾದ ಸಿಎಸ್‌ಎಫ್1ಆರ್ ಅನ್ನು ಮುಚ್ಚುವ ಔಷಧಿಗಳು ಬಂದವು. 2014ರಲ್ಲಿ ಇಲಿಗಳಲ್ಲಿ ಈ ತಡೆಯ ಜೊತೆಗೆ ಚೆಕ್‌ಪಾಯಿಂಟ್ ಔಷಧಿ, ಕೀಮೋ ಸೇರಿಸಿದಾಗ ಬೆಳೆದ ಗಡ್ಡೆಗಳೂ ಕುಗ್ಗಿದವು. ಆ ಆಸೆಯಿಂದಲೇ ಮನುಷ್ಯರಲ್ಲಿ ಈ ಗ್ರಾಹಕ ಮುಚ್ಚುವ ಕ್ಯಾಬಿರಾಲಿಜುಮ್ಯಾಬ್ ಮತ್ತು ಪಿಡಿ-1 ತಡೆಯುವ ನಿವೊಲುಮ್ಯಾಬ್ ಜೋಡಿಯ ಪರೀಕ್ಷೆ ನಡೆಯಿತು. ಮೊದಲ ಹಂತದಲ್ಲಿ ಕೆಲವೇ ಮಂದಿಯಲ್ಲಿ ಕಂಡ ಒಳ್ಳೆಯ ಫಲಿತಾಂಶ ಎರಡನೇ ಹಂತದ ಟ್ರಯಲ್‌ನಲ್ಲಿ ನಿಲ್ಲಲಿಲ್ಲ. ಗುರಿ ಮುಟ್ಟಲಿಲ್ಲವೆಂದು 2020ರಲ್ಲಿ ಘೋಷಣೆಯಾಯಿತು.

ಯಾಕೆ ಸೋತಿತು ಎಂಬುದಕ್ಕೆ ಇರುವ ವಿವರಣೆಗಳಲ್ಲಿ ನನಗೆ ಒಪ್ಪಿಗೆಯಾಗುವುದು 2017ರ ಒಂದು ಕೆಲಸ. ಸಿಎಸ್‌ಎಫ್1 ಗ್ರಹಿಸುವುದು ಮ್ಯಾಕ್ರೋಫೇಜ್ ಮಾತ್ರವಲ್ಲ, ಗಡ್ಡೆಯ ಫೈಬ್ರೋಬ್ಲಾಸ್ಟ್‌ಗಳೂ ಗ್ರಹಿಸುತ್ತವೆ. ಆ ಸಂಕೇತ ಇರುವಷ್ಟು ಹೊತ್ತು ಅವು ಒಂದು ಮಟ್ಟಕ್ಕೆ ಸುಮ್ಮನಿರುತ್ತವೆ. ಔಷಧಿ ಅದನ್ನು ಕತ್ತರಿಸಿದೊಡನೆ ಅವು ಬೇರೊಂದು ಜಾತಿಯ, ಟಿ ಕೋಶಗಳನ್ನು ಅದುಮುವ ಬಿಳಿ ರಕ್ತಕಣಗಳನ್ನು ಕರೆಯಲು ಶುರು ಮಾಡುತ್ತವೆ. ಮ್ಯಾಕ್ರೋಫೇಜ್ ಹೋಯಿತು, ಜಾಗ ಖಾಲಿಯಾಗಲಿಲ್ಲ. ಅಲ್ಲದೆ ಈ ಔಷಧಿ ಕೆಟ್ಟ ಮ್ಯಾಕ್ರೋಫೇಜ್ ಯಾವುದು, ಉಪಕಾರಿ ಯಾವುದು ಎಂದು ನೋಡುವುದಿಲ್ಲ. ಟಿ ಕೋಶಕ್ಕೆ ಗುರಿ ತೋರಿಸಿಕೊಡಬಲ್ಲವೂ ಸಾಯುತ್ತವೆ.

ತಿರುಗಿಸುವುದು ಎಂದರೆ ಹೇಗೆ?

ಮ್ಯಾಕ್ರೋಫೇಜ್ ಮೇಲೆ ಸಿಡಿ40 ಎಂಬ ಸ್ವಿಚ್ ಇದೆ. ಸಹಜವಾಗಿ ಅದನ್ನು ಒತ್ತುವುದು ಟಿ ಕೋಶ. ಆಂಟಿಬಾಡಿಯಿಂದಲೂ ಒತ್ತಬಹುದು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಗ್ರೆಗರಿ ಬೀಟಿ, ರಾಬರ್ಟ್ ವಾಂಡರ್‌ಹೈಡ್ ಮತ್ತು ಸಂಗಡಿಗರು 21 ರೋಗಿಗಳಿಗೆ ಜೆಮ್‌ಸಿಟಬಿನ್ ಜೊತೆ ಇಂಥ ಆಂಟಿಬಾಡಿ ಕೊಟ್ಟು 2011ರಲ್ಲಿ ಪ್ರಕಟಿಸಿದರು. ಕೆಲವರಲ್ಲಿ ಗಡ್ಡೆ ಕುಗ್ಗಿತು. ಟಿ ಕೋಶಗಳು ಎಚ್ಚೆತ್ತಿರಬೇಕು ಎಂದೇ ಎಲ್ಲರ ಊಹೆ. ಆದರೆ ಬಯಾಪ್ಸಿಯಲ್ಲಿ ಟಿ ಕೋಶಗಳ ಸುಳಿವಿಲ್ಲ, ಇದ್ದದ್ದು ಮ್ಯಾಕ್ರೋಫೇಜ್. ಇಲಿಗಳಲ್ಲಿ ಟಿ ಕೋಶಗಳನ್ನು ತೆಗೆದುಹಾಕಿ ನೋಡಿದರೂ ಗಡ್ಡೆ ಕುಗ್ಗಿತು. ಸಿಡಿ40 ಒತ್ತಿಸಿಕೊಂಡ ಮ್ಯಾಕ್ರೋಫೇಜ್‌ಗಳು ರಕ್ತದಿಂದ ಗಡ್ಡೆಗೆ ಇಳಿದು ಅದರ ನಾರನ್ನೇ ಬಿಚ್ಚತೊಡಗಿದ್ದವು. ಗಡ್ಡೆ ಕಾಯುತ್ತಿದೆ ಎಂದು ಎಲ್ಲರೂ ದೂರುತ್ತಿದ್ದ ಕೋಶವೇ ಅದನ್ನು ಕೆಡವಬಲ್ಲದು ಎಂದು ಕಂಡದ್ದು ಈ ಕ್ಷೇತ್ರದ ಯೋಚನೆಯನ್ನೇ ಬದಲಿಸಿತು.

ಮುಂದಿನ ದಾರಿ ಅಷ್ಟು ನುಣುಪಾಗಿರಲಿಲ್ಲ. ಪ್ರಿನ್ಸ್ ಎಂಬ ಟ್ರಯಲ್‌ನ ಫಲಿತಾಂಶ 2022ರಲ್ಲಿ ಬಂತು. ಎಲ್ಲರಿಗೂ ಕೀಮೋ, ಅದರ ಮೇಲೆ ಒಂದು ಗುಂಪಿಗೆ ನಿವೊಲುಮ್ಯಾಬ್, ಇನ್ನೊಂದಕ್ಕೆ ಸೋಟಿಗಾಲಿಮ್ಯಾಬ್ ಎಂಬ ಸಿಡಿ40 ಆಂಟಿಬಾಡಿ, ಮೂರನೆಯದಕ್ಕೆ ಎರಡೂ. ಹಳೆಯ ದಾಖಲೆಗಳ ಪ್ರಕಾರ ಬರೀ ಕೀಮೋದಲ್ಲಿ ಒಂದು ವರ್ಷ ದಾಟುವವರು ಶೇ. 35. ಇಲ್ಲಿ ನಿವೊಲುಮ್ಯಾಬ್ ಗುಂಪಿನಲ್ಲಿ ಶೇ. 57.7, ಸೋಟಿಗಾಲಿಮ್ಯಾಬ್ ಗುಂಪಿನಲ್ಲಿ ಶೇ. 48.1. ಎರಡೂ ಸೇರಿದ ಗುಂಪು ಎಲ್ಲಕ್ಕಿಂತ ಮುಂದಿರುತ್ತದೆ ಎಂದುಕೊಂಡಿದ್ದರೆ ಅದು ಬಂದದ್ದು ಕಡೆಯಲ್ಲಿ, ಶೇ. 41.3. ಔಷಧಿ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬ ಲೆಕ್ಕ ರಕ್ಷಣಾ ವ್ಯವಸ್ಥೆಯಲ್ಲಿ ನಡೆಯುವುದಿಲ್ಲ.

ಆದರೂ ಬಾಗಿಲು ಮುಚ್ಚಿಲ್ಲ. ಮಿಟಾಜಾಲಿಮ್ಯಾಬ್ ಎಂಬ ಇನ್ನೊಂದು ಸಿಡಿ40 ಆಂಟಿಬಾಡಿಯನ್ನು ಫೋಲ್ಫಿರಿನಾಕ್ಸ್‌ನ ಮಾರ್ಪಡಿಸಿದ ರೂಪದ ಜೊತೆ ಕೊಟ್ಟ ಟ್ರಯಲ್ 2024ರಲ್ಲಿ ಪ್ರಕಟವಾಯಿತು. 57 ಮಂದಿಯಲ್ಲಿ ಸುಮಾರು ಶೇ. 40ರಷ್ಟು ಜನರ ಗಡ್ಡೆ ಕುಗ್ಗಿತು, ಮಧ್ಯಮ ಆಯಸ್ಸು 14 ತಿಂಗಳು ದಾಟಿತು. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಹಾಗಾಗಿ ಸಂತೋಷಪಡುವುದಕ್ಕೆ ಮೊದಲು ದೊಡ್ಡ, ಹೋಲಿಕೆಯ ಟ್ರಯಲ್ ಆಗಬೇಕು.

‘ನನ್ನನ್ನು ತಿನ್ನಬೇಡ’ ಎಂಬ ಸಂಕೇತದ ಬಗ್ಗೆ ಕೇಳಿದ್ದೇನೆ. ಅದೇನು?

ಸಿಡಿ47. ಆರೋಗ್ಯವಂತ ಕೋಶಗಳು ಇದನ್ನು ಮೈಮೇಲೆ ಹೊತ್ತಿರುತ್ತವೆ. ಮ್ಯಾಕ್ರೋಫೇಜ್ ತನ್ನ ಎಸ್‌ಐಆರ್‌ಪಿ-ಆಲ್ಫಾ ಗ್ರಾಹಕದಿಂದ ಅದನ್ನು ಮುಟ್ಟಿ ನೋಡಿ ಬಿಟ್ಟುಬಿಡುತ್ತದೆ. ಕ್ಯಾನ್ಸರ್ ಕೋಶಗಳೂ ಇದನ್ನೇ ಹೇರಳವಾಗಿ ಹೊತ್ತು ಪಾರಾಗುತ್ತವೆ. ಸ್ಟ್ಯಾನ್‌ಫರ್ಡ್‌ನ ಅರ್ವಿಂಗ್ ವೈಸ್‌ಮನ್ ಪ್ರಯೋಗಾಲಯದಿಂದ ಬಂದ ಮ್ಯಾಗ್ರೊಲಿಮ್ಯಾಬ್ ಈ ಸಂಕೇತವನ್ನು ಮುಚ್ಚುತ್ತದೆ. ಅದನ್ನು ಹೊಂದಿದ್ದ ಕಂಪನಿಯನ್ನು ಗಿಲಿಯಾಡ್ 2020ರಲ್ಲಿ 490 ಕೋಟಿ ಡಾಲರಿಗೆ ಕೊಂಡಿತು. 2023-24ರಲ್ಲಿ ರಕ್ತದ ಕ್ಯಾನ್ಸರ್‌ಗಳ ದೊಡ್ಡ ಟ್ರಯಲ್‌ಗಳು ಒಂದರ ಹಿಂದೊಂದು ನಿಂತವು. ತೊಂದರೆಯ ಒಂದು ಭಾಗ ಸುಲಭವಾಗಿ ಅರ್ಥವಾಗುತ್ತದೆ: ಕೆಂಪು ರಕ್ತಕಣಗಳ ಮೇಲೂ ಸಿಡಿ47 ಇದೆ. ಅದನ್ನು ಮುಚ್ಚಿದರೆ ಮ್ಯಾಕ್ರೋಫೇಜ್ ಅವನ್ನೂ ನುಂಗುತ್ತದೆ, ರಕ್ತಹೀನತೆ ಬರುತ್ತದೆ. ಮೇದೋಜೀರಕದ ಗಡ್ಡೆಯಲ್ಲಿ ಇದು ಉಪಯೋಗವೆಂದು ಮನುಷ್ಯರಲ್ಲಿ ತೋರಿಸಿದ ಗಟ್ಟಿ ಪುರಾವೆ ಇಲ್ಲ.

ಕಾರ್-ಟಿ ಇದ್ದಂತೆ ಕಾರ್-ಎಂ ಕೂಡ ಇದೆಯಂತೆ?

ಇದೆ. ಕಾರ್-ಟಿಯಲ್ಲಿ ಟಿ ಕೋಶಕ್ಕೆ ಮಾಡುವುದನ್ನೇ ಕಾರ್-ಎಂನಲ್ಲಿ ಮ್ಯಾಕ್ರೋಫೇಜ್‌ಗೆ ಮಾಡುತ್ತಾರೆ: ರೋಗಿಯ ರಕ್ತದಿಂದ ಮಾನೊಸೈಟ್ ತೆಗೆದು, ಕ್ಯಾನ್ಸರ್ ಗುರುತಿಸುವ ಗ್ರಾಹಕವನ್ನು ವೈರಸ್ ಮೂಲಕ ಅದರಲ್ಲಿ ಕೂರಿಸಿ ವಾಪಸ್ ಕೊಡುವುದು. 2020ರಲ್ಲಿ ಪ್ರಯೋಗಾಲಯದ ಫಲಿತಾಂಶ ಬಂತು, ಮರುವರ್ಷ ಮೊದಲ ರೋಗಿಗೆ ಕೊಟ್ಟರು. ಮೊದಲ ಗುರಿಯಾದ ಎಚ್‌ಇಆರ್2 ಎಂಬ ಪ್ರೋಟೀನು ಮೇದೋಜೀರಕದ ಗಡ್ಡೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಇಲ್ಲಿ ಸಾಮಾನ್ಯವಾಗಿ ಸಿಗುವ ಮೀಸೊಥೆಲಿನ್ ಎಂಬ ಪ್ರೋಟೀನಿನ ಮೇಲೆ ಕೆಲವರ ಕಣ್ಣಿದೆ. ಇನ್ನೂ ಎಳೆಯ ವಿಷಯ.

ಇಲಿಯಲ್ಲಿ ಗೆಲ್ಲುವುದು ಮನುಷ್ಯರಲ್ಲಿ ಪದೇ ಪದೇ ಸೋಲುವುದು ಯಾಕೆ?

ಈ ಕಾಯಿಲೆಗೆ ಹೆಚ್ಚು ಬಳಸುವ ಕೆಪಿಸಿ ಇಲಿಯಲ್ಲಿ ಕೆಆರ್‌ಎಎಸ್ ಮತ್ತು ಪಿ53 ಜೀನ್‌ಗಳನ್ನು ಮೇದೋಜೀರಕದಲ್ಲಿ ಹುಟ್ಟಿನಿಂದಲೇ ಕೆಡಿಸಿರುತ್ತಾರೆ. ಮನುಷ್ಯರಲ್ಲಿ ಮೊದಲ ಬದಲಾವಣೆಯಿಂದ ಕಾಯಿಲೆ ಗೊತ್ತಾಗುವವರೆಗೆ ಹತ್ತಕ್ಕೂ ಹೆಚ್ಚು ವರ್ಷ ಹಿಡಿಯುತ್ತದೆ. ಇಲಿಯಲ್ಲಿ ಅದು ತಿಂಗಳುಗಳ ಮಾತು. ಪ್ರಯೋಗದ ಇಲಿಗಳು ಒಂದೇ ತಳಿಯವು, ಎಳೆಯವು, ಮೊದಲೇ ಎರಡು ಮೂರು ಸುತ್ತು ಕೀಮೋ ಮುಗಿಸಿ ಬಂದವಲ್ಲ. ಟ್ರಯಲ್‌ಗೆ ಬರುವ ರೋಗಿ ಅರವತ್ತು ದಾಟಿ, ತೂಕ ಇಳಿದು, ಹೊಸ ಸಕ್ಕರೆ ಕಾಯಿಲೆಯೊಂದಿಗೆ ಬಂದಿರುತ್ತಾರೆ.

ಅಡ್ಡಪರಿಣಾಮಗಳು ಹೇಗಿರುತ್ತವೆ?

ಯಾವ ಔಷಧಿ ಎಂಬುದರ ಮೇಲೆ ಹೋಗುತ್ತದೆ. ಸಿಡಿ40 ಆಂಟಿಬಾಡಿ ಕೊಟ್ಟ ದಿನ ಚಳಿ ಜ್ವರ, ಕೆಲವೊಮ್ಮೆ ರಕ್ತದೊತ್ತಡದ ಏರುಪೇರು ಬರಬಹುದು. ಸಿಎಸ್‌ಎಫ್1ಆರ್ ತಡೆಗಳಲ್ಲಿ ಕಣ್ಣಿನ ಸುತ್ತ ಊತ, ಆಯಾಸ. ಇವುಗಳಲ್ಲಿ ಲಿವರ್ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಕಿಣ್ವಗಳು ಏರುವುದೂ ಸಾಮಾನ್ಯ, ಅದು ಯಾವಾಗಲೂ ಲಿವರ್ ಕೆಟ್ಟ ಸೂಚನೆಯಲ್ಲ. ಈ ಕಿಣ್ವಗಳನ್ನು ರಕ್ತದಿಂದ ತೆಗೆದುಹಾಕುವುದು ಲಿವರ್‌ನ ಕುಫರ್ ಕೋಶಗಳು. ಅವೂ ಮ್ಯಾಕ್ರೋಫೇಜ್‌ಗಳೇ ಆದ್ದರಿಂದ ಔಷಧಿಗೆ ಕಡಿಮೆಯಾಗುತ್ತವೆ, ಕಿಣ್ವ ರಕ್ತದಲ್ಲಿ ಉಳಿಯುತ್ತದೆ. ಹಾಗೆಂದು ಉದಾಸೀನ ಮಾಡುವಂತಿಲ್ಲ. ಇದೇ ಗುಂಪಿನ ಪೆಕ್ಸಿಡಾರ್ಟಿನಿಬ್‌ಗೆ ಗಂಭೀರ ಲಿವರ್ ಹಾನಿಯ ಎಚ್ಚರಿಕೆಯೇ ಅಂಟಿಕೊಂಡಿದೆ. ಬಿಲಿರುಬಿನ್ (ಕಾಮಾಲೆಯ ಅಳತೆ) ಕೂಡ ಏರಿದೆಯೇ ಎಂಬುದನ್ನು ವೈದ್ಯರು ಮುಖ್ಯವಾಗಿ ನೋಡುತ್ತಾರೆ.

ಮೇದೋಜೀರಕದ ಕ್ಯಾನ್ಸರಿಗೆ ಅನುಮತಿ ಸಿಕ್ಕ ಇಂಥ ಔಷಧಿ ಯಾವುದಾದರೂ ಇದೆಯೇ?

ಒಂದೂ ಇಲ್ಲ. ಪೆಕ್ಸಿಡಾರ್ಟಿನಿಬ್‌ಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಕೀಲುಗಳಲ್ಲಿ ಬರುವ ಟೀನೊಸೈನೋವಿಯಲ್ ಜಯಂಟ್ ಸೆಲ್ ಗಡ್ಡೆಗೆ. ಆ ಗಡ್ಡೆ ಬೆಳೆಯುವುದೇ ಸಿಎಸ್‌ಎಫ್1 ಬಲದಿಂದ, ಹಾಗಾಗಿ ಅಲ್ಲಿ ಕೆಲಸ ಮಾಡುತ್ತದೆ. ಅನುಮತಿ ಇದೆಯಲ್ಲ ಎಂದು ಅದನ್ನೇ ತರಿಸಿಕೊಂಡು ಇಲ್ಲಿ ಬಳಸುವುದು ತಪ್ಪು. ಟ್ರಯಲ್‌ನ ಹೊರಗೆ ಹಣ ಪಡೆದು ‘ಮ್ಯಾಕ್ರೋಫೇಜ್ ಥೆರಪಿ’ ಕೊಡುತ್ತೇವೆ ಎನ್ನುವವರಿಂದ ದೂರವಿರಿ.

ನಮ್ಮ ಬಯಾಪ್ಸಿ ರಿಪೋರ್ಟಿನಲ್ಲಿ ಮ್ಯಾಕ್ರೋಫೇಜ್ ಎಷ್ಟಿದೆ ಎಂದು ಗೊತ್ತಾಗುತ್ತದೆಯೇ?

ಸಾಮಾನ್ಯ ರಿಪೋರ್ಟಿನಲ್ಲಿ ಬರೆಯುವುದಿಲ್ಲ. ಸಿಡಿ68, ಸಿಡಿ163 ಎಂಬ ಗುರುತುಗಳಿಗೆ ಬಣ್ಣ ಹಾಕಿ ಎಣಿಸಬಹುದು. ಸದ್ಯಕ್ಕೆ ಆ ಸಂಖ್ಯೆಯಿಂದ ಚಿಕಿತ್ಸೆ ಬದಲಾಗುವುದಿಲ್ಲ. ಎಂಡೋಸ್ಕೋಪಿ ಮೂಲಕ ಸೂಜಿಯಿಂದ ತೆಗೆದ ತುಣುಕು ಎಷ್ಟೋ ಸಲ ಇಂಥ ಎಣಿಕೆಗೆ ಸಾಲುವುದೂ ಇಲ್ಲ. ಇರುವ ತುಣುಕನ್ನು ಜೀನ್ ಪರೀಕ್ಷೆಗೆ, ಎಂಎಸ್‌ಐ ಪರೀಕ್ಷೆಗೆ ಉಳಿಸಿಕೊಳ್ಳುವುದು ಲೇಸು.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಮಾತ್ರೆ ತಿಂದರೆ ಮ್ಯಾಕ್ರೋಫೇಜ್ ಸರಿಹೋಗುವುದೇ?

ಇಲ್ಲ. ಇಲ್ಲಿ ತೊಂದರೆ ಶಕ್ತಿ ಸಾಲದೆ ಹೋದದ್ದಲ್ಲ. ಮ್ಯಾಕ್ರೋಫೇಜ್‌ಗಳು ಬೇಕಾದ್ದಕ್ಕಿಂತ ಹೆಚ್ಚೇ ಇವೆ. ಕೆಲವು ಪುಡಿಗಳು ಕೀಮೋ ಜೊತೆ ಸೇರಿ ಲಿವರ್‌ಗೆ ಹೊರೆಯಾಗುತ್ತವೆ. ತೂಕ ಇಳಿಯುತ್ತಿದ್ದರೆ ಜೀರ್ಣಕ್ಕೆ ಕಿಣ್ವದ ಕ್ಯಾಪ್ಸೂಲ್ ಬೇಕೇ ಎಂದು ಕೇಳಿ. ಈ ಕಾಯಿಲೆಯಲ್ಲಿ ಅದರ ಅಗತ್ಯ ಬಹಳ ಮಂದಿಗೆ ಇರುತ್ತದೆ, ಕೊಡುವುದು ಮರೆತೂ ಹೋಗುತ್ತದೆ.

ಮುಂದೆ ಯಾವುದರ ಮೇಲೆ ಕಣ್ಣಿಡಬೇಕು?

ನನ್ನ ಮಟ್ಟಿಗೆ, ಕೆಆರ್‌ಎಎಸ್ ತಡೆಯುವ ಔಷಧಿಗಳ ಮೇಲೆ. ಡ್ಯಾರಾಕ್ಸನ್‌ರಾಸಿಬ್‌ನಂಥವು ದೊಡ್ಡ ಹಂತದ ಟ್ರಯಲ್‌ಗೆ ತಲುಪಿವೆ. ಇವು ನೇರವಾಗಿ ಮ್ಯಾಕ್ರೋಫೇಜ್ ಔಷಧಿಗಳಲ್ಲ. ಆದರೆ ಮೇಲೆ ಹೇಳಿದಂತೆ ಕರೆಯುವ ಸಂಕೇತ ಹೊರಡುವುದೇ ಕೆಟ್ಟ ಕೆಆರ್‌ಎಎಸ್‌ನಿಂದ. ಇಲಿಗಳಲ್ಲಿ ಆ ಜೀನನ್ನು ಅದುಮಿದಾಗ ಮ್ಯಾಕ್ರೋಫೇಜ್‌ಗಳ ನಡತೆ ಬದಲಾಗಿ, ಟಿ ಕೋಶಗಳು ಒಳಗೆ ಬಂದದ್ದು ಕಂಡಿದೆ. ಮೂಲದಲ್ಲೇ ಸಂಕೇತ ನಿಲ್ಲಿಸಿ, ಅದರ ಮೇಲೆ ಸಿಡಿ40 ಅಥವಾ ಚೆಕ್‌ಪಾಯಿಂಟ್ ಔಷಧಿ ಸೇರಿಸುವ ಜೋಡಿಗಳು ಅರ್ಥಪೂರ್ಣವಾಗಿ ತೋರುತ್ತವೆ. ಇನ್ನೊಂದು ಕಡೆ, ಶಸ್ತ್ರಚಿಕಿತ್ಸೆ ಆದವರಿಗೆ ಅವರವರ ಗಡ್ಡೆಗೆ ತಕ್ಕಂತೆ ತಯಾರಿಸಿದ ಎಂಆರ್‌ಎನ್‌ಎ ಲಸಿಕೆ ಕೊಟ್ಟಾಗ 16ರಲ್ಲಿ 8 ಮಂದಿಯಲ್ಲಿ ಟಿ ಕೋಶಗಳು ಎಚ್ಚೆತ್ತವು ಎಂದು 2023ರಲ್ಲಿ ವರದಿಯಾಯಿತು. ಗಡ್ಡೆಯನ್ನು ತೆಗೆದ ಮೇಲೆ, ಅಂದರೆ ಅದರ ಮ್ಯಾಕ್ರೋಫೇಜ್ ಕೋಟೆ ಇಲ್ಲದಾಗ, ಲಸಿಕೆ ನಾಟಿತು ಎಂಬುದು ಗಮನಿಸಬೇಕಾದ ಅಂಶ.

ಟ್ರಯಲ್ ಸೇರುವುದಾದರೆ ಏನು ಕೇಳಬೇಕು?

ಯಾವ ಹಂತದ್ದು ಎಂದು ಮೊದಲು ಕೇಳಿ. ಮೊದಲ ಹಂತದ ಟ್ರಯಲ್ ನಡೆಯುವುದು ಔಷಧಿಯ ಪ್ರಮಾಣ ಮತ್ತು ಸುರಕ್ಷೆ ತಿಳಿಯುವುದಕ್ಕೆ, ಗುಣವಾಗುತ್ತದೆ ಎಂಬ ಭರವಸೆಗೆ ಅಲ್ಲ. ಕೀಮೋ ಜೊತೆಗಿದೆಯೇ, ಅದರ ಬದಲಿಗೋ? ಹೋಲಿಕೆಯ ಗುಂಪಿದೆಯೇ, ಇದ್ದರೆ ಅವರಿಗೆ ಏನು ಕೊಡುತ್ತಾರೆ? ಚಿಕಿತ್ಸೆಯ ನಡುವೆ ಮತ್ತೆ ಬಯಾಪ್ಸಿ ಇದೆಯೇ? ಮ್ಯಾಕ್ರೋಫೇಜ್ ಟ್ರಯಲ್‌ಗಳಲ್ಲಿ ಇದು ಸಾಮಾನ್ಯ, ಅದರಲ್ಲಿ ನೋವೂ ಅಪಾಯವೂ ಸ್ವಲ್ಪ ಇದೆ. ಮಧ್ಯದಲ್ಲಿ ಬಿಟ್ಟರೆ ಆಮೇಲೆ ಎಷ್ಟು ದಿನ ನಿಗಾ ಇಡುತ್ತಾರೆ? ಟ್ರಯಲ್‌ಗಳ ವಿವರ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಸಿಗುತ್ತದೆ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಔಷಧಿ ಒಳ್ಳೆಯದು ಎಂದೇನೂ ಅಲ್ಲ.

ಇದು ಬರುವವರೆಗೆ ಕೀಮೋ ಮುಂದೂಡಿ ಕಾಯಬಹುದೇ?

ಬೇಡ. ಮೇಲೆ ಹೇಳಿದ ಹೆಚ್ಚಿನ ಪ್ರಯೋಗಗಳು ಕೀಮೋ ಜೊತೆಗೇ ನಡೆದವು. ಟ್ರಯಲ್‌ಗೆ ಆಯ್ಕೆಯಾಗಲು ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುವ ಸ್ಥಿತಿಯಲ್ಲಿರಬೇಕು, ಬಿಲಿರುಬಿನ್ ಹತೋಟಿಯಲ್ಲಿರಬೇಕು. ಚಿಕಿತ್ಸೆ ಇಲ್ಲದೆ ಕಾದರೆ ಕೆಲವೇ ವಾರಗಳಲ್ಲಿ ಈ ಎರಡೂ ಕೈತಪ್ಪಬಹುದು.